ಕಾರಿನ ಟಿಕೆಟ್ ಬೇಡ, ಜಮಖಾನೆಯ ಟಿಕೆಟ್ ತೆಗೆದುಕೊಳ್ಳಿ

ಹುಬ್ಬಳ್ಳಿಯಿಂದ ಕುಸುಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಸೈಟಿನ ಕಲ್ಲು ನೆಟ್ಟು ಇನ್ನೂ ಮನೆ ಏಳದ ಬಯಲೊಂದಿದೆ. ಅಲ್ಲಿ ಹುಡುಗರ ಒಂದು ತಂಡ ಶನಿವಾರ ರಾತ್ರಿ ಕಾರಿನಲ್ಲಿ ಕುಳಿತೇ ನೋಡುವ ಸಿನಿಮಾ ಏರ್ಪಡಿಸುತ್ತಿದೆ. ನಾಲ್ವರಿರುವ ಒಂದು ಕಾರಿಗೆ 1,200 ರೂಪಾಯಿ. ಕಾರು ಇಲ್ಲದವರಿಗೆ ಪರದೆಯ ಮುಂದೆಯೇ ಜಮಖಾನೆ ಹಾಸಿದ ಜಾಗ, ತಲೆಗೆ 150. ನಾನು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವಳು. ದುಡ್ಡಿನ ಮಾತು ಮೊದಲು ಮುಗಿಯಬೇಕು ಎನ್ನುವುದು ನನ್ನ ರೂಢಿ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ: 1,200 ದುಬಾರಿ, 150 ಬಹಳ ಸೋವಿ. ಇದರ ಕಾರಣ ಹೇಳಲು ಮಾತ್ರ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಹೋದವರು ನಾಲ್ವರು. ನಾನು, ನಮ್ಮ ಮನೆಯವರು, ಮಗಳು, ಮತ್ತು ಸವಣೂರು ಕಡೆಯಿಂದ ನಾಲ್ಕು ದಿನ ಇರಲೆಂದು ಬಂದಿದ್ದ ನನ್ನ ಅಕ್ಕ. ಟಿಕೆಟ್ ಕಾಯ್ದಿರಿಸಿದ್ದು ಮಗಳು. ಚಿತ್ರ ರಾಜಕುಮಾರ್ ಅವರದು, ಹಳೆಯದು, ರಾಜವೇಷದ್ದು. ಈಗ ಡಿಜಿಟಲ್ ಮಾಡಿ ಬಣ್ಣ ತೊಳೆದು ತಂದಿದ್ದರು. ಚಿತ್ರದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದನ್ನು ನೋಡದ ಕನ್ನಡಿಗರು ಕಡಿಮೆ. ನೋಡಿದವರಿಗೆ ನನ್ನ ಅಭಿಪ್ರಾಯ ಬೇಕಾಗಿಲ್ಲ.

ಆರೂವರೆಗೆ ಬನ್ನಿ ಎಂದು ಸಂದೇಶ ಕಳಿಸಿದ್ದರು. ಚೈತ್ರ ಮಾಸದ ಆರೂವರೆ ಎಂದರೆ ನಮ್ಮ ಕಡೆ ಇನ್ನೂ ಬಿಸಿಲು. ಕತ್ತಲಾಗದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಹಾಗಾಗಿ ಒಂದು ತಾಸು ಕಾರಿನಲ್ಲಿ ಬೇಯಬೇಕಾಯಿತು. ಗೇಟಿನ ಹತ್ತಿರ ಟಾರ್ಚ್ ಹಿಡಿದ ಹುಡುಗ ಬಹಳ ವಿನಯವಂತ, "ಬರ್ರಿ ಅಕ್ಕಾ" ಎಂದು ಕೈಮುಗಿದೇ ಒಳಗೆ ಬಿಟ್ಟ. ಆದರೆ ಕಾರುಗಳನ್ನು ಬಂದ ಕ್ರಮದಲ್ಲಿ ನಿಲ್ಲಿಸಿದನೇ ಹೊರತು ಎತ್ತರ ನೋಡಲಿಲ್ಲ. ನಮ್ಮದು ಚಿಕ್ಕ ಕಾರು. ಮುಂದೆ ಬಂದು ನಿಂತದ್ದು ಜೀಪಿನಂಥ ಎತ್ತರದ ಬಿಳಿ ಗಾಡಿ. ಹಿಂದಿನ ಸೀಟಿನಲ್ಲಿದ್ದ ಅಕ್ಕನಿಗೆ ಪರದೆಯ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು: ರಾಜನ ಕಿರೀಟ ಉಂಟು, ಮೀಸೆ ಇಲ್ಲ.

ಈ ತೊಂದರೆಗೆ ತೊಂಬತ್ತು ವರ್ಷ ಹಿಂದೆಯೇ ಪರಿಹಾರ ಸಿಕ್ಕಿದೆ ಎಂದು ಮಗಳು ಮೊಬೈಲ್ ನೋಡಿ ಓದಿ ಹೇಳಿದಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ಮನೆಯ ಹಿತ್ತಲಿನ ಮರಗಳಿಗೆ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು ಪ್ರಯೋಗ ನಡೆಸಿದನಂತೆ. 1933ರ ಜೂನ್ 6ರಂದು ಕ್ಯಾಮ್‌ಡನ್ ಪಟ್ಟಣದ ಹೊರಗೆ ಮೊದಲ ಡ್ರೈವ್-ಇನ್ ತೆರೆದ. ಆತನ ಪೇಟೆಂಟಿನ ಜೀವಾಳ ಮಣ್ಣಿನ ಕೆಲಸ: ಪ್ರತಿ ಸಾಲಿಗೂ ಒಂದು ಏರು, ಕಾರಿನ ಮುಂದಿನ ಗಾಲಿಗಳು ಏರಿನ ಮೇಲೆ, ಆಗ ಹಿಂದಿನ ಕಾರಿನವರಿಗೂ ಮುಂದಿನ ಕಾರಿನ ತಲೆಯ ಮೇಲಿಂದ ಪರದೆ ಪೂರ್ತಿ ಕಾಣುತ್ತದೆ. ನಮ್ಮ ಹೊಲಗಳಲ್ಲಿ ಬದು ಹಾಕುವವರಿಗೆ ಇದು ಅರ್ಧ ದಿನದ ಜೆಸಿಬಿ ಕೆಲಸ. ಸಂಘಟಕರು ದಯವಿಟ್ಟು ಗಮನಿಸಬೇಕು. ಅಲ್ಲಿಯವರೆಗೆ ಎತ್ತರದ ಗಾಡಿಗಳನ್ನಾದರೂ ಕೊನೆಯ ಸಾಲಿಗೆ ಕಳಿಸಲಿ.

ದನಿಯ ವ್ಯವಸ್ಥೆ ಚೆನ್ನಾಗಿದೆ. ಗೇಟಿನಲ್ಲಿ ಕೊಡುವ ಚೀಟಿಯ ಮೇಲೆ ಎಫ್ಎಂ ಅಂಕಿ ಬರೆದಿರುತ್ತದೆ, ಕಾರಿನ ರೇಡಿಯೊವನ್ನು ಅದಕ್ಕೆ ಹಚ್ಚಿದರೆ ಆಯಿತು. ರೇಡಿಯೊ ಕೆಟ್ಟವರಿಗೆ ಠೇವಣಿ ಇಟ್ಟುಕೊಂಡು ಒಂದು ಸಣ್ಣ ಸೆಟ್ ಕೊಡುತ್ತಾರೆ. ಸಂಭಾಷಣೆಯ ಒಂದೊಂದು ಅಕ್ಷರವೂ ಕೇಳಿಸಿತು, ಇದರಲ್ಲಿ ದೂರಿಗೆ ಜಾಗವಿಲ್ಲ. ದೂರು ಇರುವುದು ಗಾಜಿನದು. ಎಂಜಿನ್ ಚಾಲೂ ಇಡುವಂತಿಲ್ಲ, ಆದ್ದರಿಂದ ಎಸಿ ಇಲ್ಲ. ಗಾಜು ಏರಿಸಿದರೆ ಸೆಕೆ. ಇಳಿಸಿದರೆ ಸೊಳ್ಳೆ, ಅಕ್ಕಪಕ್ಕದ ಕಾರುಗಳ ರೇಡಿಯೊ, ಪರದೆಗೆ ಗಾಳಿ ತುಂಬುವ ಯಂತ್ರದ ಭರ್ರೋ ಸದ್ದು. ತಡವಾಗಿ ಬಂದ ಕಾರುಗಳ ದೀಪ ರಾಜನ ದರ್ಬಾರಿನ ಮೇಲೆಯೇ ಹಾಯುತ್ತಿತ್ತು. ನಮ್ಮ ಮನೆಯವರಿಗಂತೂ ಚಿತ್ರಕ್ಕಿಂತ ಬ್ಯಾಟರಿಯ ಚಿಂತೆ. ಡ್ಯಾಶ್‌ಬೋರ್ಡಿನ ಬೆಳಕು ಆರಿಸಲು ಬಾರದೆ ಅದರ ಮೇಲೆ ಟವೆಲ್ ಹೊದಿಸಿ, ಇಂಟರ್‌ವಲ್‌ನಲ್ಲಿ ಒಮ್ಮೆ ಎಂಜಿನ್ ಶುರು ಮಾಡಿ ನೋಡಿ ಸಮಾಧಾನಪಟ್ಟರು. ಅವರು ಹತ್ತಿ ವ್ಯಾಪಾರದ ಕೆಲಸಕ್ಕೆ ಅಹಮದಾಬಾದಿಗೆ ಹೋದಾಗ ಅಲ್ಲಿನ ಡ್ರೈವ್-ಇನ್ ನೋಡಿದ್ದಾರೆ. 1973ರಲ್ಲಿ ಶುರುವಾದ ಅದು ನಮ್ಮ ದೇಶದ ಹಳೆಯ ಡ್ರೈವ್-ಇನ್‌ಗಳಲ್ಲಿ ಒಂದು. "ಅಲ್ಲಿ ಜನ ಕಾರಿನೊಳಗೆ ಕೂರುವುದೇ ಇಲ್ಲ. ಹೊರಗೆ ಹಾಸಿಗೆ ಹಾಸಿ ಮನೆಯ ಊಟ ಬಿಚ್ಚುತ್ತಾರೆ" ಎಂದರು. ಇದನ್ನು ಟಿಕೆಟ್ ಕೊಳ್ಳುವ ಮೊದಲೇ ಹೇಳಿದ್ದರೆ 600 ರೂಪಾಯಿ ಉಳಿಯುತ್ತಿತ್ತು.

ಅಕ್ಕ ಸುಮ್ಮನೆ ಕುಳಿತಿದ್ದಳು. ಹಾಸ್ಯದ ದೃಶ್ಯ ಬಂತು, ನಾವು ನಾಲ್ವರೂ ನಕ್ಕೆವು. ಅಕ್ಕ ತಟ್ಟನೆ ನಗು ನಿಲ್ಲಿಸಿ ಕಿಟಕಿಯಿಂದ ಆಚೆ ಈಚೆ ನೋಡಿ ಕೇಳಿದಳು: "ಇದೇನು, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾರೆ? ಅವರು ನಗುತ್ತಿದ್ದಾರೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು?"

ಈ ಪ್ರದರ್ಶನದ ಬಗ್ಗೆ ನನ್ನ ಇಡೀ ತಕರಾರು ಅಷ್ಟೇ. ಅದು ಯಾಕೆ ನಮ್ಮಿಬ್ಬರಿಗೆ ಅಷ್ಟು ಚುಚ್ಚಿತು ಎಂದರೆ, ಬಯಲಿನಲ್ಲಿ ಗಾಡಿ ಬಿಟ್ಟು ಸಿನಿಮಾ ನೋಡುವುದು ನಮಗೆ ಹೊಸದಲ್ಲ.

ನಮ್ಮ ತವರು ಸವಣೂರಿನ ಹತ್ತಿರದ ಒಂದು ಹಳ್ಳಿ. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಹೈಸ್ಕೂಲಿನಲ್ಲಿದ್ದ ಎಂಬತ್ತರ ದಶಕದ ನಡುವೆ, ಜೋಳದ ರಾಶಿ ಮುಗಿಯುವ ಹೊತ್ತಿಗೆ ನಮ್ಮೂರಿಂದ ಎರಡು ಹರದಾರಿ ದೂರದ ದೊಡ್ಡ ಊರಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಮುಂಗಾರಿನ ಮೊದಲು ತಂಬು ಕಿತ್ತುಕೊಂಡು ಹೋಗುತ್ತಿತ್ತು. ಗಂಡಸರು ಮನಸ್ಸಾದ ದಿನ ಸೈಕಲ್ ಹತ್ತಿ ಹೋಗಿ ಬರುತ್ತಿದ್ದರು. ಹೆಣ್ಣುಮಕ್ಕಳು ಹೋಗಬೇಕಾದರೆ ಚಕ್ಕಡಿ ಕಟ್ಟಬೇಕು. ಚಕ್ಕಡಿ ಕಟ್ಟಬೇಕಾದರೆ ಕಾಕಾ ಒಪ್ಪಬೇಕು, ಕಾಕಾ ಒಪ್ಪಬೇಕಾದರೆ ದೊಡ್ಡವ್ವ ಹೇಳಬೇಕು. ದೊಡ್ಡವ್ವನಿಗೆ ದೇವರ ಚಿತ್ರ ಎಂದರೆ ಸಾಕು. ಹೀಗಾಗಿ ನಾವು ಅಕ್ಕತಂಗಿಯರು ಯಾವ ಚಿತ್ರ ಬಂದರೂ ಅದರಲ್ಲಿ ಒಬ್ಬ ದೇವರನ್ನು ಹುಡುಕಿ ಹೇಳುತ್ತಿದ್ದೆವು. ಶಂಕರನಾಗ್ ಅವರ ಹೊಡೆದಾಟದ ಚಿತ್ರವೊಂದನ್ನು ಅಕ್ಕ "ಶಂಕರನದು" ಎಂದು ಹೇಳಿ ದಾಟಿಸಿದ್ದು ನಮ್ಮ ಮನೆಯಲ್ಲಿ ಇಂದಿಗೂ ನಡೆಯುವ ಮಾತು.

ಚಕ್ಕಡಿಯಲ್ಲಿ ಒಂದು ಕೈ ಎತ್ತರಕ್ಕೆ ಜೋಳದ ಕಣಿಕೆ ಹರಡಿ ಮೇಲೆ ಕೌದಿ ಹಾಸುತ್ತಿದ್ದರು. ಹೋಗುವಾಗ ಅದು ನಮ್ಮ ಮೆತ್ತೆ. ಸಿನಿಮಾ ಮುಗಿಯುವುದರೊಳಗೆ ಆ ಕಣಿಕೆ ಎತ್ತುಗಳ ಹೊಟ್ಟೆ ಸೇರಿರುತ್ತಿತ್ತು, ಬರುವಾಗ ಬರೀ ಹಲಗೆಯ ಮೇಲೆ ಎಲುಬು ಎಣಿಸುತ್ತಾ ಬರಬೇಕು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಚಕ್ಕಡಿಯ ಕೆಳಗೆ ಕಂದೀಲು ತೂಗುತ್ತಿತ್ತು. ಊರು ಇನ್ನೂ ಅರ್ಧ ಹರದಾರಿ ಇರುವಾಗಲೇ ತಂಬಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಹಾಡು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಸಿನಿಮಾ ಹಾಡು ಇದ್ದರೆ ನಿಧಾನಕ್ಕೆ ಹೋಗಬಹುದು. ಅದು ನಿಂತು ಭಕ್ತಿಗೀತೆ ಹತ್ತಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಎಂದರ್ಥ. ಆಗ ನಾವೆಲ್ಲ ಒಟ್ಟಿಗೆ ಕಾಕಾನ ಬೆನ್ನು ಗುದ್ದುತ್ತಿದ್ದೆವು, ಕಾಕಾ ಎತ್ತುಗಳ ಬಾಲ ತಿರುವುತ್ತಿದ್ದ.

ತಂಬಿನ ಹೊರಗೆ ಚಕ್ಕಡಿಗಳ ಸಾಲು. ಅಲ್ಲೊಂದು ಇಲ್ಲೊಂದು ಟ್ರ್ಯಾಕ್ಟರ್, ಟ್ರಾಲಿ ತುಂಬ ಮದುವೆ ದಿಬ್ಬಣದಷ್ಟು ಜನ. ನೊಗ ಇಳಿಸಿ ಎತ್ತುಗಳನ್ನು ಗಾಲಿಗೆ ಕಟ್ಟಿ ಒಬ್ಬ ಹುಡುಗನನ್ನು ಕಾವಲಿಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ಆ ಹುಡುಗ ಪರದೆ ನೋಡದೆ ಬರೀ ಮಾತು ಕೇಳಿಯೇ ಮರುದಿನ ಕತೆಯನ್ನು ನಮಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ಒಳಗೆ ಮೂರು ದರ್ಜೆ: ನೆಲ, ಬೆಂಚು, ಕುರ್ಚಿ. ನೆಲದಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ, ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಮೊದಲು ಹೋದವರು ಉಸುಕು ಗುಡ್ಡೆ ಹಾಕಿ ಸಿಂಹಾಸನ ಮಾಡಿಕೊಳ್ಳುತ್ತಿದ್ದರು. ಹಿಂದಿನವರು ಬಯ್ದರೆ ಗುಡ್ಡೆ ಅರ್ಧ ಇಳಿಯುತ್ತಿತ್ತು.

ಯಂತ್ರ ಒಂದೇ. ಸಾವಿರ ಅಡಿಯ ರೀಲು ಓಡುವುದು ಹನ್ನೊಂದು ನಿಮಿಷ, ಎರಡನ್ನು ಕೂಡಿಸಿ ಹಚ್ಚಿದರೂ ಇಪ್ಪತ್ತೆರಡೇ. ಅದು ಮುಗಿದೊಡನೆ ದೀಪ ಹತ್ತುತ್ತಿತ್ತು, ಆಪರೇಟರ್ ಮುಂದಿನ ರೀಲು ಏರಿಸುವವರೆಗೆ ಕತೆ ಅಲ್ಲೇ ನಿಂತಿರುತ್ತಿತ್ತು. ಖಳನಾಯಕ ಚಾಕು ಎತ್ತಿದಾಗಲೇ ದೀಪ ಹತ್ತಿದರೆ ಕೇಳಬೇಕೇ? ಮುಂದೇನಾಗುತ್ತದೆ ಎಂದು ಇಡೀ ತಂಬು ವಾದಕ್ಕೆ ಬೀಳುತ್ತಿತ್ತು. ಪರದೆ ಕೆಂಪಗಾಗುತ್ತಾ ಬಂದರೆ ಯಂತ್ರದೊಳಗಿನ ಕಾರ್ಬನ್ ಕಡ್ಡಿ ಸವೆದಿದೆ ಎಂದು ನಮಗೆಲ್ಲ ಗೊತ್ತಿತ್ತು. ಆಪರೇಟರ್ ಬೀಡಿ ಬಿಸಾಡಿ ಬಂದು ಕಡ್ಡಿ ಸರಿಸುವ ತನಕ ಗಂಡಸರ ಕಡೆಯಿಂದ ಸಿಳ್ಳೆ ನಿಲ್ಲುತ್ತಿರಲಿಲ್ಲ. ದೊಡ್ಡವ್ವ ಸಿಳ್ಳೆ ಹೊಡೆಯುವವಳಲ್ಲ, ಆದರೆ ಖಳನಾಯಕನನ್ನು ಅವನ ಮನೆತನ ಸಮೇತ ಶಪಿಸುತ್ತಿದ್ದಳು. ಅವಳ ಶಾಪ ಕೇಳಿ ಆ ಕಡೆಯವರು ನಗುತ್ತಿದ್ದರು. ಅವರು ನಕ್ಕರೆಂದು ಅವಳು ಅವರನ್ನೂ ಸೇರಿಸಿ ಬಯ್ಯುತ್ತಿದ್ದಳು. ಸಿನಿಮಾ ಎಷ್ಟು ನೆನಪಿದೆಯೋ ದೊಡ್ಡವ್ವನ ಬೈಗುಳವೂ ಅಷ್ಟೇ ನೆನಪಿದೆ.

ಹದಿನೈದು, ಹದಿನೇಳರ ವಯಸ್ಸಿನ ನಮಗೆ ಆ ಮೊಣಕಾಲೆತ್ತರದ ಗೋಡೆ ಇನ್ನೊಂದು ಸಿನಿಮಾ. ರೀಲು ಬದಲಿಸಲು ದೀಪ ಹತ್ತಿದಾಗ ಆ ಕಡೆ ಯಾರು ಈ ಕಡೆ ನೋಡಿದರು, ಯಾರು ಹೊಸ ಅಂಗಿ ಹಾಕಿದ್ದರು ಎಂಬುದರ ಲೆಕ್ಕ ಮನೆ ಮುಟ್ಟುವವರೆಗೆ ಸಾಕಾಗುತ್ತಿತ್ತು. ಪಕ್ಕದ ಊರಿನ ಒಬ್ಬ ಹುಡುಗ ನಮ್ಮ ಚಕ್ಕಡಿಯ ಹಿಂದೆ ಸ್ವಲ್ಪ ದೂರ ಬಿಟ್ಟು ಸೈಕಲ್ ತುಳಿಯುತ್ತಾ ಬಂದು, ಅವನ ಊರಿನ ದಾರಿ ಒಡೆಯುವಲ್ಲಿ ಒಂದೇ ಒಂದು ಬಾರಿ ಗಂಟೆ ಹೊಡೆದು ತಿರುಗುತ್ತಿದ್ದ. ಕಾಕಾ ಹಿಂತಿರುಗಿ ನೋಡದೆಯೇ "ಸೈಕಲ್ಲಿಗೆ ದೀಪ ಇಲ್ಲ, ಗಂಟೆ ಮಾತ್ರ ಇದೆ" ಎನ್ನುತ್ತಿದ್ದ. ಅಕ್ಕ ಕೌದಿ ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಹುಡುಗ ಯಾರೆಂದು ಕಾರಿನಲ್ಲಿ ನನ್ನ ಮಗಳು ಎಷ್ಟು ಕೇಳಿದರೂ ಅಕ್ಕ ಬಾಯಿ ಬಿಡಲಿಲ್ಲ.

ಇದಲ್ಲದೆ ಸರ್ಕಾರದ ಪ್ರಚಾರ ವ್ಯಾನು ವರ್ಷಕ್ಕೊಮ್ಮೆ ಶಾಲೆಯ ಮುಂದೆ ಬರುತ್ತಿತ್ತು. ಎರಡು ಗಳಕ್ಕೆ ಬಿಳಿ ಬಟ್ಟೆ ಕಟ್ಟಿ, ಮೊದಲು ಕುಟುಂಬ ಯೋಜನೆ, ಆಮೇಲೆ ಕತೆಯ ಚಿತ್ರ. ಜಾಗ ಸಾಲದೆ ಅರ್ಧ ಊರು ಬಟ್ಟೆಯ ಹಿಂದೆ ಕೂರುತ್ತಿತ್ತು. ಅವರಿಗೆ ಅಕ್ಷರಗಳೆಲ್ಲ ತಿರುವುಮುರುವು, ನಾಯಕ ಎಡಗೈಯವನು. ಯಾರೂ ಗೊಣಗುತ್ತಿರಲಿಲ್ಲ, ಪುಕ್ಕಟೆ ತಾನೆ.

ಈಗ ಕುಸುಗಲ್ ರಸ್ತೆಗೆ ಬರುತ್ತೇನೆ. ಇಂಟರ್‌ವಲ್ ಆದದ್ದೇ ತಡ, ಅಕ್ಕ ಕಾರಿನ ಬಾಗಿಲು ತೆಗೆದು ಇಳಿದು ನೇರ ಜಮಖಾನೆಯ ಕಡೆ ನಡೆದಳು. ಹಗ್ಗದ ಹತ್ತಿರ ನಿಂತ ಹುಡುಗ, ಕಾರಿನ ಟಿಕೆಟ್ಟಿನವರು ಇಲ್ಲಿ ಕೂರುವಂತಿಲ್ಲ ಎಂದ. ಮಗಳು ಅವನೊಂದಿಗೆ ನಿಯಮದ ಚರ್ಚೆಗೆ ಇಳಿದಳು. ಅಷ್ಟರಲ್ಲಿ ಅಕ್ಕ ಚಪ್ಪಲಿ ಬಿಟ್ಟು, ಹಗ್ಗ ಎತ್ತಿ, ಯಾರದೋ ಮಗುವನ್ನು ಸ್ವಲ್ಪ ಸರಿಸಿ ಕುಳಿತಾಗಿತ್ತು. ಆ ಹುಡುಗ ನಕ್ಕು ನಮ್ಮನ್ನೂ ಬಿಟ್ಟ. ಹೆಚ್ಚು ಕೊಟ್ಟವರನ್ನು ಕಡಿಮೆಯ ಜಾಗಕ್ಕೆ ಬಿಡದಿರುವ ನಿಯಮದ ತರ್ಕ ನನಗೆ ಅರ್ಥವಾಗಲಿಲ್ಲ. ಆದರೆ ಆ ಹುಡುಗನ ನಗು ಚೆನ್ನಾಗಿತ್ತು, ಆದ್ದರಿಂದ ಅದನ್ನು ಮನ್ನಾ ಮಾಡಿದ್ದೇನೆ.

ಜಮಖಾನೆಯ ಮೇಲೆ ಇದ್ದವರು ಕಾಲೇಜು ಹಾಸ್ಟೆಲ್ಲಿನ ಹುಡುಗಿಯರು, ಬೈಕಿನಲ್ಲಿ ಮಕ್ಕಳನ್ನು ಮುಂದೆ ಹಿಂದೆ ಕೂರಿಸಿಕೊಂಡು ಬಂದ ಸಂಸಾರಗಳು, ಬಿಳಿ ಟೋಪಿಯ ಕೆಲವು ಅಜ್ಜಂದಿರು. ಒಬ್ಬ ಅಜ್ಜ ರಾಜಕುಮಾರ್ ಅವರ ಸಂಭಾಷಣೆಯನ್ನು ಅರ್ಧ ಕ್ಷಣ ಮೊದಲೇ ಹೇಳುತ್ತಿದ್ದರು. ಒಂದು ಕಡೆ ತಪ್ಪಿದರು, ಆಗ ಇಡೀ ಜಮಖಾನೆ ಹೋ ಎಂದಿತು. ಹಾಸ್ಟೆಲ್ ಹುಡುಗಿಯರು ಹಾಡಿಗೆ ದನಿಗೂಡಿಸಿದರು. ಕಾರಿನಲ್ಲಿ ನೋಡಿದ ಮೊದಲರ್ಧಕ್ಕೂ ಇಲ್ಲಿ ನೋಡಿದ ಉತ್ತರಾರ್ಧಕ್ಕೂ ನಟರು ಅವರೇ, ಪ್ರೊಜೆಕ್ಟರ್ ಅದೇ. ಆದರೂ ನನ್ನ ಮಗಳು, ಹಳೆಯ ಚಿತ್ರವೆಂದರೆ ಮೊಬೈಲ್ ತೆಗೆಯುವವಳು, ಕೊನೆಯವರೆಗೆ ಅದನ್ನು ಮುಟ್ಟಲಿಲ್ಲ.

ಇಲ್ಲಿ ಕೂರುವವರಿಗೆ ಕೆಲವು ಸೂಚನೆಗಳು. ಬಲಗಡೆ ಜನರೇಟರ್ ಇದೆ, ಎಡಕ್ಕೆ ಕೂರಿ. ಈ ಭಾಗಕ್ಕೆಂದು ಇಟ್ಟ ಎರಡು ಸ್ಪೀಕರ್‌ಗಳು ಚಿಕ್ಕವು, ಹಿಂದಿನ ಅಂಚಿನಲ್ಲಿ ಮಾತು ಮಸುಕಾಗುತ್ತದೆ. ಪರದೆ ಗಾಳಿ ತುಂಬಿ ನಿಲ್ಲಿಸುವ ಬಗೆಯದು. ಮರವಿಲ್ಲದ ಈ ಬಯಲಿನಲ್ಲಿ ಮೂಡಣದಿಂದ ಗಾಳಿ ಎದ್ದಾಗ ಅದು ತೊನೆಯುತ್ತದೆ, ಅರಮನೆಯ ಕಂಬಗಳೆಲ್ಲ ಸೊಂಟ ಬಾಗಿಸುತ್ತವೆ. ಇಬ್ಬರು ಹುಡುಗರು ಹಗ್ಗ ಹಿಡಿದು ಯುದ್ಧದ ದೃಶ್ಯ ಮುಗಿಯುವವರೆಗೆ ನಿಂತಿದ್ದರು. ಅವರ ಶ್ರದ್ಧೆಗೆ ಶಹಬ್ಬಾಸ್. ಆದರೂ ನಾಲ್ಕು ಕಬ್ಬಿಣದ ಗೂಟ ಹೆಚ್ಚು ಹೊಡೆಯುವುದು ಸುಲಭವಲ್ಲವೇ?

ತಿಂಡಿಯ ವಿಷಯಕ್ಕೆ ನನಗೆ ಸಿಟ್ಟಿದೆ. ಹೊರಗಿನ ತಿನಿಸು ತರುವಂತಿಲ್ಲ, ಚೀಲ ನೋಡಿಯೇ ಬಿಡುತ್ತಾರೆ. ಒಳಗೆ ಇರುವುದು ಪಾಪ್‌ಕಾರ್ನ್, ಚಿಪ್ಸ್, ಮೈದಾದ ಬ್ರೆಡ್ಡಿನೊಳಗೆ ಏನೋ ಇಟ್ಟದ್ದು, ಬೆರಳುದ್ದದ ಕಾಗದದ ಲೋಟದಲ್ಲಿ ಕಾಫಿ. ಪಾಪ್‌ಕಾರ್ನ್ 120 ರೂಪಾಯಿ. ಹುಬ್ಬಳ್ಳಿಯ ಸರಹದ್ದಿನಲ್ಲಿ ರಾತ್ರಿ ಎಂಟು ಗಂಟೆಗೆ ಮೂರು ತಾಸು ಜನರನ್ನು ಕೂರಿಸಿಕೊಂಡು ಗಿರ್ಮಿಟ್ ಇಲ್ಲ, ಮಿರ್ಚಿ ಭಜಿ ಇಲ್ಲ ಎಂದರೆ ಅದನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ. ಒಂದು ಕೈಗಾಡಿಯವನನ್ನು ಒಳಗೆ ಬಿಟ್ಟರೆ ಅವನೂ ಬದುಕುತ್ತಾನೆ, ನಾವೂ ಬದುಕುತ್ತೇವೆ. ಅಕ್ಕ ತವರಿನಿಂದ ತಂದಿದ್ದ ಸವಣೂರು ಖಾರದ ಪೊಟ್ಟಣ ಮಾತ್ರ ಚೀಲದಲ್ಲಿ ಇರಲಿಲ್ಲವಾದ್ದರಿಂದ ತಪಾಸಣೆಗೆ ಸಿಗಲಿಲ್ಲ. ಎಲ್ಲಿತ್ತು ಎಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಜಮಖಾನೆಯ ಮೇಲೆ ಅದು ಕೈಯಿಂದ ಕೈಗೆ ದಾಟಿ ಆ ಅಜ್ಜನವರೆಗೂ ಹೋಯಿತು, ಪೊಟ್ಟಣ ಖಾಲಿಯಾಗಿ ಬಂತು.

ಶೌಚಾಲಯ: ಗಾಲಿಯ ಮೇಲಿನ ಎರಡು ಪೆಟ್ಟಿಗೆಗಳು, ಒಂದು ಹೆಂಗಸರಿಗೆ. ಶುರುವಿನಲ್ಲಿ ಸ್ವಚ್ಛವಾಗಿತ್ತು. ಒಳಗೆ ದೀಪ ಇಲ್ಲ, ಇಂಟರ್‌ವಲ್ ಹೊತ್ತಿಗೆ ಡ್ರಮ್ಮಿನ ನೀರು ತಳ ಕಂಡಿತ್ತು. ಹೆಣ್ಣುಮಕ್ಕಳು ಇಷ್ಟು ಸಂಖ್ಯೆಯಲ್ಲಿ ಬರುತ್ತಿರುವಾಗ ಒಂದು ಸಾಲದು.

ಹೊರಗೆ ಬರುವುದು ಇನ್ನೊಂದು ಸಾಹಸ. ಅದು ಎರೆ ಹೊಲ. ಹಿಂದಿನ ದಿನ ಅಶ್ವಿನಿ ಮಳೆಯ ನಾಲ್ಕು ಹನಿ ಬಿದ್ದಿತ್ತು. ನಾಲ್ಕೇ ಹನಿ ಬಿದ್ದರೂ ಎರೆ ಮಣ್ಣು ಗಾಲಿಗೆ ಹತ್ತಿದರೆ ಬಿಡುವ ಜಾತಿಯದಲ್ಲ. ಒಂದೇ ಗೇಟು, ಎಲ್ಲ ಕಾರುಗಳೂ ಒಟ್ಟಿಗೆ, ಮುಂದಿನದು ಸಿಕ್ಕಿಬಿದ್ದರೆ ಹಿಂದಿನವು ನಿಂತಲ್ಲೇ. ನಮ್ಮ ಮುಂದಿದ್ದ ಆ ಎತ್ತರದ ಬಿಳಿ ಗಾಡಿಯೇ ಹೂತುಕೊಂಡಿತು. ಅದನ್ನು ತಳ್ಳಿದವರಲ್ಲಿ ನಮ್ಮ ಮನೆಯವರೂ ಒಬ್ಬರು, ಅವರ ಬಿಳಿ ಪ್ಯಾಂಟು ಇನ್ನೂ ನೆನೆಹಾಕಿದೆ. ಗೇಟಿನಿಂದ ಡಾಂಬರು ರಸ್ತೆಯವರೆಗೆ ನಾಲ್ಕು ಟ್ರಿಪ್ ಗರಸು ಹಾಕಿಸಿದರೆ ಸಾಕು. ಬೈಕಿನವರು, ಟಂಟಂ ಹಿಡಿದವರು ನಾವು ಗೇಟು ದಾಟುವುದರೊಳಗೆ ಗಬ್ಬೂರು ಮುಟ್ಟಿದ್ದರೋ ಏನೋ.

ಹೋಗಬೇಕೇ ಎಂದು ಎಪಿಎಂಸಿಯಲ್ಲಿ ಹಲವರು ಕೇಳಿದರು. ಹೋಗಿ. ಕಾರು ಇದ್ದರೂ ಅದನ್ನು ರಸ್ತೆಯ ಅಂಚಿಗೆ ಬಿಟ್ಟು 150ರ ಟಿಕೆಟ್ ತೆಗೆದುಕೊಳ್ಳಿ. ನಾಲ್ವರಿಗೆ 600, ಅಂದರೆ ಅರ್ಧ ಉಳಿತಾಯ. ಮನೆಯಿಂದ ದಪ್ಪನೆಯ ಕೌದಿ ಒಯ್ಯಿರಿ, ಅವರ ಜಮಖಾನೆ ತೆಳು. ಸೊಳ್ಳೆಗೆ ಏನಾದರೂ ಹಚ್ಚಿಕೊಂಡು ಹೋಗಿ. ಮೊಣಕಾಲು ನೋವಿನವರಿಗೆ, ಹಸುಗೂಸು ಇರುವವರಿಗೆ ಕಾರಿನ ಟಿಕೆಟ್ಟೇ ಸರಿ. ಅಂಥವರು ಗೇಟಿನ ಹುಡುಗನಿಗೆ ಹೇಳಿ ಮೊದಲ ಸಾಲು ಕೇಳಿ ಪಡೆಯಲಿ.

ಮಳೆಯಿಂದ ಪ್ರದರ್ಶನ ರದ್ದಾದರೆ ಹಣ ವಾಪಸ್ ಎಂದು ಚೀಟಿಯ ಹಿಂದೆ ಮುದ್ರಿಸಿದ್ದಾರೆ. ಎಷ್ಟು ದಿನದಲ್ಲಿ, ಪೂರ್ತಿಯೋ ಅರ್ಧವೋ, ಚಿತ್ರ ನಡುವೆ ನಿಂತರೆ ಏನು ಲೆಕ್ಕ ಎಂಬುದು ಅದರಲ್ಲಿ ಇಲ್ಲ. ಮುಂಗಾರು ಹತ್ತಿರ ಬರುತ್ತಿದೆ, ದುಡ್ಡು ಕಟ್ಟುವ ಮೊದಲು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.